ಹಳ್ಳದಾಚೆ ಅಕ್ಕನಿಗಾಗಿ ಬಿಟ್ಟ ಸಂತೆಗಳು

ನಾನು ಮೊದಲು ಕಂಡದ್ದು ಅವಳ ಕಾಲುಗಳನ್ನು. ಪಾದದಿಂದ ಮೊಣಕಾಲಿನವರೆಗೆ ಎರಡೂ ಬೆಳ್ಳಗಿದ್ದವು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೆಸುವಿನ ಎಲೆಯ ಕಟ್ಟು ಹಿಡಿದುಕೊಂಡು ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ನಾನು ಕಡೂರು ಕಡೆಯ ಬಯಲುಸೀಮೆಯವಳು. ಮದುವೆಯಾಗಿ ಗೋಣಿಬೀಡಿನ ಹತ್ತಿರದ ಈ ಗುಡ್ಡಕ್ಕೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಪಾಪ, ಈ ಹೆಂಗಸಿಗೆ ತೊನ್ನು ಎಂದುಕೊಂಡೆ. ಅವಳು ನೀಡಿದ ಎಲೆಯ ಕಟ್ಟನ್ನು ತೆಗೆದುಕೊಳ್ಳದೆ ಒಳಗೆ ಓಡಿಹೋದೆ.

ಅತ್ತೆಯವರು ಹೊರಗೆ ಬಂದು ಎಲೆ ತೆಗೆದುಕೊಂಡರು. ಅವರಿಬ್ಬರೂ ನಗುವುದು ನನಗೆ ಅಡಿಗೆಮನೆಯವರೆಗೆ ಕೇಳಿಸಿತು. ಮರುದಿನ ಅವಳು ಒಂದು ತೆಂಗಿನ ಚಿಪ್ಪಿನ ತುಂಬ ಅದೇನನ್ನೋ ಕಲಸಿಕೊಂಡು ಬಂದು, ನನ್ನನ್ನು ಸೌದೆ ರಾಶಿಯ ಮೇಲೆ ಕೂರಿಸಿ, ಹೇಳದೆ ಕೇಳದೆ ನನ್ನ ಕಾಲಿಗೆ ಬಳಿಯತೊಡಗಿದಳು. ಸುಣ್ಣ, ಹೊಗೆಸೊಪ್ಪು, ಹರಳೆಣ್ಣೆ. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಹತ್ತದ ಹಾಗೆ ಇಲ್ಲಿನವರು ಕಾಲಿಗೆ ಹಚ್ಚಿಕೊಳ್ಳುವ ಮದ್ದು ಅದು.

"ಈಗ ನಿಂಗೂ ತೊನ್ನು ಬಂತು ಮಾರಾಯ್ತಿ," ಅಂದಳು. "ಇನ್ನು ನನ್ನ ಕಂಡು ಓಡಾದು ಬ್ಯಾಡ."

ಅವಳ ಮನೆ ನಮ್ಮ ಮನೆಯ ಕೆಳಗಿನ ಹಳ್ಳ ದಾಟಿದರೆ ಎದುರು ಗುಡ್ಡದ ಮೈಯಲ್ಲಿತ್ತು. ಹಾಗಾಗಿ ಎಲ್ಲರಿಗೂ ಅವಳು ಹಳ್ಳದಾಚೆ ಅಕ್ಕ. ನಾನು ಮೊದಮೊದಲು 'ನೀವು' ಎಂದೆ. ಅವಳಿಗೆ ಅದು ಹಿಡಿಸಲಿಲ್ಲ. "ನಂಗೆಂತಕ್ಕೆ ನೀವು ತಾವು ಎಲ್ಲ? ನಾನೇನು ಎಸ್ಟೇಟಿನ ದೊರೆಸಾನಿಯಾ?" ಎಂದು ಬಾಯಿ ಮುಚ್ಚಿಸಿದಳು. ಅಂದಿನಿಂದ ಅವಳು ನನಗೆ ನೀನು ಆದಳು, ಸಾಯುವವರೆಗೂ.

ನಮ್ಮದು ಏಳು ಮನೆಯ ಊರು. ಊರು ಅನ್ನುವುದಕ್ಕೆ ನನಗೆ ಆಗ ನಗು ಬರುತ್ತಿತ್ತು. ನಮ್ಮ ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡು, ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನಬೇಕು. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಕೂಗಳತೆ ದೂರ, ನಡುವೆ ತೋಟ, ಕಾಡು. ಮಾತಾಡಲು ಜನವಿಲ್ಲದೆ ನಾನು ದನದ ಕೊಟ್ಟಿಗೆಯಲ್ಲಿ ನಿಂತು ಅತ್ತದ್ದುಂಟು. ಅಕ್ಕ ಅದನ್ನು ಒಮ್ಮೆ ಕಂಡಳು. ಸಮಾಧಾನ ಹೇಳುವ ಜಾತಿಯವಳಲ್ಲ ಅವಳು. ನನ್ನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ 'ಕೂ' ಹಾಕುವುದನ್ನು ಕಲಿಸಿದಳು. ಒಂದೇ ಉದ್ದನೆಯ ಕೂ ಅಂದರೆ 'ಇದ್ದೀಯಾ?' ಎಂದು. ಅದಕ್ಕೆ ಅಂಥದೇ ಇನ್ನೊಂದು ಕೂ ಉತ್ತರ. ತುಂಡು ತುಂಡಾಗಿ ಮೇಲಿಂದ ಮೇಲೆ ಕೂಗಿದರೆ 'ಕೈಯಲ್ಲಿದ್ದದ್ದು ಬಿಟ್ಟು ಓಡಿ ಬಾ' ಎಂದು. ಪ್ರತಿ ಬೆಳಿಗ್ಗೆ ಅವಳು ಅಲ್ಲಿಂದ ಕೂಗುವುದು, ನಾನು ಇಲ್ಲಿಂದ ಕೂಗುವುದು ರೂಢಿಯಾಯಿತು. ನಮ್ಮವರು ಅದನ್ನು ಕೇಳಿ, "ನಿಮ್ಮಿಬ್ರ ಪೂಜೆ ಮುಗೀತಾ?" ಎಂದು ಹಾಸ್ಯ ಮಾಡುತ್ತಿದ್ದರು.

ಅವಳು ಎಂದೂ ಬರಿಗೈಯಲ್ಲಿ ಬಂದವಳಲ್ಲ. ತಂದದ್ದನ್ನು ಕೈಗೆ ಕೊಟ್ಟವಳೂ ಅಲ್ಲ. ಅವಳು ಹೋದ ಮೇಲೆ ನೋಡಿದರೆ ಸೌದೆಯ ಮೇಲೆ ಎರಡು ಕಿತ್ತಳೆಯೋ ಒಂದು ಹಿಡಿ ಸೂಜಿಮೆಣಸೋ ಇರುತ್ತಿತ್ತು. ಕಾಫಿ ಗಿಡಗಳನ್ನು ಬೈಯುವುದು ಅವಳ ಇನ್ನೊಂದು ಅಭ್ಯಾಸ. "ಏನೇ, ಹೋದ ವರ್ಷ ಹೊತ್ತದ್ದೇ ಸಾಕಾಯ್ತಾ ನಿಂಗೆ? ತಿಂದು ತಿಂದು ಎಲೆ ಮಾತ್ರ ಬಿಡ್ತೀಯಲ್ಲ!" ಎಂದು ನಿಂತು ಜಗಳವಾಡುತ್ತಿದ್ದಳು. ಹಾಡು ಅವಳಿಗೆ ಒಲಿದಿರಲಿಲ್ಲ. ಆದರೂ ಹಾಡುತ್ತಿದ್ದಳು. ಹಣ್ಣು ಕೊಯ್ಯುವಾಗ ಅವಳು ರಾಗ ತೆಗೆದರೆ ಎಸ್ಟೇಟಿನ ಮೇಸ್ತ್ರಿಯ ಹೆಂಡತಿ, ಅಂದರೆ ನಮ್ಮ ಮೇಲಿನ ಮನೆಯವಳು, "ಅಕ್ಕ, ಗಿಡ ಒಣಗ್ತದೆ, ನಿಲ್ಸು" ಎಂದು ಕೈಮುಗಿಯುವಳು. ಯಾವ ಕಷ್ಟ ಹೇಳಿದರೂ ಅಕ್ಕನ ಬಾಯಲ್ಲಿ ಬರುವುದು ಒಂದೇ ಮಾತು: "ನೋಡಾಣ, ಕೈ ಇದಾವಲ್ಲ."

ಕೈ ಅಂದರೆ ಬರೀ ಅವಳ ಕೈ ಅಲ್ಲ. ಏಳು ಮನೆಯ ಹೆಂಗಸರ ಕೈ. ಇಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ಏಳು ಮನೆಯವರೂ ನಮ್ಮ ತೋಟದಲ್ಲಿ ಕೊಯ್ದರೆ ನಾಳೆ ನಾವೆಲ್ಲ ಇನ್ನೊಬ್ಬರ ತೋಟದಲ್ಲಿ. ಕೂಲಿಯಿಲ್ಲ. ಯಾರ ತೋಟವೋ ಅವರು ಮಧ್ಯಾಹ್ನಕ್ಕೆ ಅಕ್ಕಿರೊಟ್ಟಿ, ಚಟ್ನಿ, ಬೆಲ್ಲದ ಕಾಫಿ ಕೊಡಬೇಕು. ಮರದ ನೆರಳಲ್ಲಿ ಕಾಲು ಚಾಚಿ ಕೂತು, ಕಿತ್ತಳೆ ಸುಲಿಯುತ್ತ, ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಆಡಿಕೊಳ್ಳುತ್ತ ಕಳೆದ ಆ ಮಧ್ಯಾಹ್ನಗಳಷ್ಟು ಸುಖವನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಅತ್ತೆಯವರು ಮನೆಯಲ್ಲಿ ಗಂಭೀರವಾಗಿರುತ್ತಿದ್ದರು. ತೋಟಕ್ಕೆ ಬಂದರೆ ಅವರೂ ಬಾಯಿಬಿಟ್ಟು ನಗುವರು.

ನನ್ನ ಮೊದಲ ಮುಯ್ಯಿ ನಡೆದದ್ದು ಅಕ್ಕನ ತೋಟದಲ್ಲೇ. ಅವರದು ಎರಡೇ ಎಕರೆ. ಕೈಚಳಕ ತೋರಿಸಬೇಕೆಂಬ ಹುರುಪು ನನಗೆ. ನಮ್ಮ ಕಡೆ ಹುಣಸೆ ಚಿಗುರನ್ನು ಕಡ್ಡಿಯಿಂದ ಸವರಿ ತೆಗೆಯುವಂತೆ, ಕಾಫಿ ಗಿಡದ ಒಂದೊಂದು ರೆಂಬೆಯನ್ನೂ ಬುಡದಿಂದ ತುದಿಗೆ ಸರ್ರನೆ ಸವರಿ ಬುಟ್ಟಿ ತುಂಬಿಸಿದೆ. ಉಳಿದವರ ಬುಟ್ಟಿ ಅರ್ಧವಾಗುವ ಹೊತ್ತಿಗೆ ನನ್ನದು ಎರಡು ತುಂಬಿತ್ತು. ಹೆಮ್ಮೆಯಿಂದ ತಂದು ಸುರಿದೆ. ಕೆಂಪು ಹಣ್ಣಿಗಿಂತ ಹಸಿರು ಕಾಯಿಯೇ ಹೆಚ್ಚು, ಜೊತೆಗೆ ಎಲೆ, ಮುಂದಿನ ವರ್ಷ ಹೂ ಬಿಡಬೇಕಾದ ಗೆಣ್ಣುಗಳ ಸಿಪ್ಪೆ. ಅತ್ತೆಯವರ ಮುಖ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಕ್ಕ ನನ್ನನ್ನು ಬೋಳಾದ ಗಿಡದ ಹತ್ತಿರ ಕರೆದುಕೊಂಡು ಹೋದಳು. ಪಕ್ಕದ ಗಿಡದಲ್ಲಿ ಒಂದು ಕೆಂಪು ಹಣ್ಣನ್ನು ಎರಡು ಬೆರಳಲ್ಲಿ ಹಿಡಿದು, ಸ್ವಲ್ಪ ತಿರುಪಿ ಬಿಡಿಸಿ ತೋರಿಸಿದಳು. "ಹಿಂಗೆ. ಅದಕ್ಕೆ ಮುಂದಿನ ವರ್ಷ ಅಂತ ಒಂದಿದೆ ಮಾರಾಯ್ತಿ, ಅದನ್ನ ನಾವು ಕೊಯ್ಬಾರ್ದು," ಎಂದಳು. ಬೈಗುಳ ಅಷ್ಟೇ. ಆದರೆ ಶಿಕ್ಷೆ ಬೇರೆ ಇತ್ತು. ನಾನು ಕಿತ್ತ ಕಾಯಿಯನ್ನು ಬೇರೆಯಾಗಿ ಒಣಗಿಸಿ ಇಟ್ಟುಕೊಂಡು, ಆ ವರ್ಷವಿಡೀ ಮನೆಗೆ ಬಂದವರಿಗೆಲ್ಲ ಅದರದೇ ಕಾಫಿ ಮಾಡಿಕೊಟ್ಟಳು. ಯಾರಾದರೂ ಮುಖ ಹುಳ್ಳಗೆ ಮಾಡಿದರೆ, "ಇದು ಬಯಲುಸೀಮೆ ಕಾಫಿ, ಎಲ್ಲ ಕಡೆ ಸಿಗಲ್ಲ, ಕುಡೀರಿ" ಅನ್ನುವಳು. ನಾನು ಅಲ್ಲೇ ಇದ್ದರೆ ಇನ್ನೂ ಜೋರಾಗಿ ಅನ್ನುವಳು.

ಮೂರನೆಯ ವರ್ಷ ಮಳೆ ಬಿಡುವ ಕಾಲಕ್ಕೆ ಅಕ್ಕನ ಗಂಡ ಚಳಿಜ್ವರದಲ್ಲಿ ತೀರಿಕೊಂಡರು. ಆಗ ಈ ಗುಡ್ಡಗಳಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಮಕ್ಕಳಿರಲಿಲ್ಲ. ಗಂಡನ ಅಣ್ಣ, ಅಕ್ಕನ ಭಾವ, ಕಳಸದ ಕಡೆ ದೊಡ್ಡ ಸಂಸಾರಸ್ಥರು. ಕಾರ್ಯ ಮುಗಿದ ಮೇಲೆ ಅವರು ಜಗಲಿಯಲ್ಲಿ ಊರ ಹಿರಿಯರನ್ನು ಕೂರಿಸಿಕೊಂಡು ಹೇಳಿದ ಮಾತು ಒಳಗಿದ್ದ ನಮಗೆಲ್ಲ ಕೇಳಿಸಿತು.

"ಹೆಂಗ್ಸು ಒಬ್ಳೇ ಈ ಕಾಡಲ್ಲಿ ಹೆಂಗಿರದು? ನಮ್ಮನೇಗೆ ಬರ್ಲಿ. ತೋಟ ಯಾರಿಗಾದ್ರೂ ವಹಿಸಾಣ."

ಹಿರಿಯರು ತಲೆದೂಗಿದರು. ಆಗ ಗೋಡೆಯ ಈಚೆಯಿಂದ ನಮ್ಮ ಅತ್ತೆ ಮಾತಾಡಿದರು. ಗಂಡಸರ ಸಭೆಗೆ ಅವರು ದನಿ ಹಾಕಿದ್ದು ಅದೇ ಮೊದಲು. "ಹಣ್ಣು ಗಿಡದ ಮೇಲಿದೆ. ಅವ್ಳು ನೆಟ್ಟಿದ್ದು. ಈ ಫಸ್ಲು ಅವ್ಳೇ ತೆಗೀಲಿ. ಆಮೇಲೆ ನೀವು ಹೇಳ್ದಂಗೆ," ಎಂದರು. ಭಾವ ಎದ್ದು ನಿಂತರು. "ಆಗ್ಲಿ. ಶಿವರಾತ್ರಿಗೆ ಬರ್ತೀನಿ. ಅಷ್ಟೊತ್ತಿಗೆ ಕೊಯ್ದು, ಒಣಗ್ಸಿ, ಗೋಣಿಗೆ ತುಂಬೋ ಹಂಗೆ ಮಾಡಿದ್ರೆ ಇಲ್ಲೇ ಇರ್ಲಿ, ನಾನು ಬ್ಯಾಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಗಾಡಿ ಕಟ್ಟಿಸ್ಕಂಡೇ ಬರ್ತೀನಿ," ಎಂದು ಹೊರಟುಹೋದರು.

ಮರುವಾರ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಅಕ್ಕ ನನ್ನ ಹತ್ತಿರ ಒಮ್ಮೆ ಮಾತ್ರ ಬಾಯಿಬಿಟ್ಟಳು. "ಭಾವ ಕೆಟ್ಟೋರಲ್ಲ ಕಣೆ. ಅನ್ನ ಹಾಕ್ತಾರೆ, ಸೀರೆ ಕೊಡ್ತಾರೆ. ಆದ್ರೆ ಅಲ್ಲಿ ನಾನು ಯಾರು? ಬೆಳಗ್ಗೆ ಎದ್ದು ಯಾವ ಗಿಡ ನೋಡ್ಲಿ? ಯಾರಿಗೆ ಕೂ ಹಾಕ್ಲಿ?" ಅವಳ ಕಣ್ಣಲ್ಲಿ ನೀರು ಕಂಡದ್ದು ನಾನು ಅಂದೇ. 'ಕೈ ಇದಾವಲ್ಲ' ಎಂಬ ಮಾತು ಅಂದು ಅವಳ ಬಾಯಿಂದ ಬರಲಿಲ್ಲ. ನನಗೆ ಅವಳಿಲ್ಲದ ಆ ಗುಡ್ಡವನ್ನು ಎಣಿಸಿಕೊಳ್ಳಲೂ ಆಗಲಿಲ್ಲ. ಸ್ವಾರ್ಥ ಅಂದರೆ ಸ್ವಾರ್ಥ, ನನಗೆ ಅವಳು ಬೇಕಾಗಿದ್ದಳು.

ಕಷ್ಟ ಏನೆಂದರೆ, ಸೂತಕ ಕಳೆದು ಅವಳು ಹೊರಗೆ ಬರುವಷ್ಟರಲ್ಲಿ ಮುಯ್ಯಿಯ ಸರದಿ ನಿಶ್ಚಯವಾಗಿಹೋಗಿತ್ತು. ಅವಳ ಸರದಿ ಕೊನೆಯದು. ಅಲ್ಲಿಯವರೆಗೆ ಕಾದರೆ ಹಣ್ಣು ನೆಲಕ್ಕುದುರಿ ಕೊಳೆಯುತ್ತದೆ. ಒಬ್ಬಳೇ ಕೊಯ್ದರೆ ಎರಡು ಎಕರೆ ಮುಗಿಯುವುದಿಲ್ಲ. ಯಾರ ತೋಟದ ಹಣ್ಣೂ ಕಾಯುವ ಸ್ಥಿತಿಯಲ್ಲಿರಲಿಲ್ಲ. ಮೇಸ್ತ್ರಿಯ ಹೆಂಡತಿಗಂತೂ ಮುಯ್ಯಿ ಇಲ್ಲದ ದಿನವೆಲ್ಲ ಬಿಳಿ ದೊರೆಯ ಎಸ್ಟೇಟಿನ ಕೆಲಸ. ಎಲ್ಲರಿಗೂ ಬಿಡುವಿದ್ದದ್ದು ವಾರಕ್ಕೆ ಒಂದೇ ದಿನ, ಗೋಣಿಬೀಡಿನ ಸಂತೆಯ ದಿನ.

ಸಂತೆ ಅಂದರೆ ನಮಗೆ ಏನಾಗಿತ್ತು ಎಂಬುದನ್ನು ಈಗಿನವರಿಗೆ ಹೇಳುವುದು ಕಷ್ಟ. ಬಳೆ, ಮಂಡಕ್ಕಿ, ಪರಿಚಯದವರ ಮುಖ. ನನಗೆ ಇನ್ನೂ ಹೆಚ್ಚು. ಕಡೂರಿನ ಕಡೆಯಿಂದ ಮೆಣಸಿನಕಾಯಿ ತರುವ ಒಬ್ಬ ಅಜ್ಜಿ ನಮ್ಮ ತವರಿನ ಸುದ್ದಿ ಹೇಳುತ್ತಿದ್ದಳು. ಆರು ದಿನ ನಾನು ಆ ಏಳನೆಯ ದಿನದ ದಾರಿ ನೋಡುತ್ತಿದ್ದೆ.

ಸಂತೆಯ ಹಿಂದಿನ ದಿನ ಸಂಜೆ ಅತ್ತೆಯವರು ಚೀಲಗಳನ್ನು ತೆಗೆದು ನಮ್ಮವರ ಕೈಗೆ ಕೊಟ್ಟರು. "ಈ ಸಲ ಸಂತೆಗೆ ನೀವು ಗಂಡಸ್ರೇ ಹೋಗಿ. ನಮಗೆ ಬೇರೆ ಕೆಲ್ಸ ಇದೆ," ಎಂದರು. ನನ್ನ ಕಡೆ ತಿರುಗಿ, "ನೀನು ಬುಟ್ಟಿ ತಗಂಡು ಬಾ," ಎಂದರು. ಬೆಳಿಗ್ಗೆ ನಾವು ಹಳ್ಳ ದಾಟಿ ಹೋದರೆ ಮೇಸ್ತ್ರಿಯ ಹೆಂಡತಿ ಆಗಲೇ ಅಲ್ಲಿದ್ದಳು. ಒಬ್ಬೊಬ್ಬರಾಗಿ ಉಳಿದ ಮನೆಯವರೂ ಬಂದರು. ಅಕ್ಕ ಅಂಗಳದಲ್ಲಿ ನಿಂತು ನಮ್ಮನ್ನೆಲ್ಲ ನೋಡಿದಳು. "ನಿಮ್ಗೆಲ್ಲ ತಲೆ ಕೆಟ್ಟಿದೆ," ಎಂದಳು. ಆಮೇಲೆ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದಳು.

ಹೀಗೆ ಏಳು ಸಂತೆ ಬಿಟ್ಟೆವು. ಅಷ್ಟೂ ವಾರ ಗಂಡಸರು ಸಂತೆ ಮಾಡಿದರು. ಅದೊಂದು ಪ್ರತ್ಯೇಕ ಪುರಾಣ. ಕೊಳೆತ ಈರುಳ್ಳಿ, ಗಬ್ಬು ನಾರುವ ಒಣಮೀನು ಮೇಸ್ತ್ರಿಯ ಮನೆಗೆ, ನಮ್ಮ ಮನೆಗೆ ಉಪ್ಪಿಲ್ಲ, ಎರಡು ವಾರ ಬರೀ ಬೆಲ್ಲ. ನಮ್ಮವರು ಪ್ರೀತಿಯಿಂದ ನನಗೆ ಬಳೆ ತಂದರು. ಅವು ನನ್ನ ಮೊಣಕೈ ದಾಟಿ ಭುಜಕ್ಕೆ ಹೋಗುತ್ತಿದ್ದವು. ಅಕ್ಕ ಅದನ್ನು ಕಂಡು, ಗಂಡ ಹೋದ ಮೇಲೆ ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೆಣಸಿನಕಾಯಿ ಅಜ್ಜಿ ನಾನೆಲ್ಲಿ ಎಂದು ಕೇಳಿದಳಂತೆ. ನಮ್ಮವರು, "ಅವ್ಳಿಗೆ ಪುರುಸೊತ್ತಿಲ್ಲ" ಎಂದರಂತೆ. ಆ ಮಾತು ಕೇಳಿ ನನಗೆ ಬೇಜಾರಾಗಬೇಕಿತ್ತು. ಯಾಕೋ ಹೆಮ್ಮೆಯೇ ಆಯಿತು.

ಕೊಯ್ಲು ಮುಗಿಯಿತು. ಅಕ್ಕನ ಕಣದ ತುಂಬ ಹಣ್ಣು ಒಣಗುತ್ತಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಆಗ ಒಣಗಿದೆ ಎಂದು ಅರ್ಥ. ಅಕ್ಕ ದಿನಕ್ಕೆ ಹತ್ತು ಸಲ ಅಲ್ಲಾಡಿಸಿ ನೋಡುತ್ತಿದ್ದಳು. ಶಿವರಾತ್ರಿಗೆ ಇನ್ನೆರಡು ದಿನ. ಮಧ್ಯಾಹ್ನ ಊಟವಾಗಿ ನಾನು ನಮ್ಮ ಕಣದ ಕಾಫಿ ಕೆದಕುತ್ತಿದ್ದೆ. ಗುಡ್ಡದ ಹಿಂದಿನಿಂದ ಕಪ್ಪು ಮೋಡ ಏರಿ ಬಂತು. ಕಾಫಿಯ ಹೂ ಅರಳಿಸುವ ಹೂಮಳೆ ಒಂದು ತಿಂಗಳು ಮೊದಲೇ ಬಂದಿತ್ತು. ಗಿಡಕ್ಕೆ ಅದು ಅಮೃತ, ಕಣದಲ್ಲಿರುವ ಕಾಫಿಗೆ ವಿಷ. ಒಮ್ಮೆ ನೆಂದರೆ ಬೂಸಲು ಹಿಡಿದು ಕಪ್ಪಾಗಿ ಹೋಗುತ್ತದೆ.

ಅಷ್ಟರಲ್ಲಿ ಆಚೆಯಿಂದ ಕೂ ಕೇಳಿತು. ತುಂಡು ತುಂಡು ಕೂ, ಉಸಿರು ತೆಗೆದುಕೊಳ್ಳದೆ.

ನಾನು ನಮ್ಮ ಕಣ ನೋಡಿದೆ. ಅದರ ತುಂಬ ನಮ್ಮ ವರ್ಷದ ದುಡಿಮೆ ಹರಡಿತ್ತು. ಅತ್ತೆಯವರು ಹಲಗೆ ಹಿಡಿದು ರಾಶಿ ಎಳೆಯುತ್ತಿದ್ದವರು ತಲೆ ಎತ್ತದೆ ಗದರಿದರು. "ಎಂತ ನೋಡ್ತೀಯ? ಇಲ್ಲಿ ನಾಕು ಜನ ಇದೀವಿ. ಅಲ್ಲಿ ಅವ್ಳೊಬ್ಳೇ. ಓಡು!"

ಓಡಿದೆ. ಹಳ್ಳದಲ್ಲಿ ಜಾರಿ ಬಿದ್ದು ಎದ್ದು ಓಡಿದೆ. ಮೇಲಿನ ದಾರಿಯಿಂದ ಮೇಸ್ತ್ರಿಯ ಹೆಂಡತಿ ತನ್ನ ಹಾಸಿಗೆಯ ಚಾಪೆಯನ್ನೇ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದಳು. ಇನ್ನೂ ಮೂವರು ಬಂದರು. ಕೈಯಲ್ಲಿ, ಹಲಗೆಯಲ್ಲಿ, ಸೆರಗಿನಲ್ಲಿ ಬಾಚಿ ಬಾಚಿ ನಡುವೆ ಒಂದೇ ರಾಶಿ ಮಾಡಿದೆವು. ಚಾಪೆ, ಗೋಣಿ, ಕಂಬಳಿ ಎಲ್ಲ ಹೊದಿಸಿದರೂ ಒಂದು ಬದಿಗೆ ಸಾಲಲಿಲ್ಲ. ಅಕ್ಕ ಒಳಗೆ ಹೋಗಿ ಗಂಡನ ಕಂಬಳಿ ತಂದಳು. ಅದನ್ನು ಅವಳು ಮಡಿಸಿ ಎತ್ತಿಟ್ಟಿದ್ದಳು, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಗಳಿಗೆ ಎದೆಗೆ ಹಿಡಿದುಕೊಂಡು ನಿಂತಳು. ಆಮೇಲೆ ಕೊಡವಿ ರಾಶಿಯ ಮೇಲೆ ಹೊದಿಸಿದಳು.

ಮಳೆಗಿಂತ ಮೊದಲು ಗಾಳಿ ಬಂತು. ಚಾಪೆಗಳು ಹಾರತೊಡಗಿದವು. ಕಲ್ಲು ಹುಡುಕಲು ಪುರುಸೊತ್ತಿಲ್ಲ. ನಾವು ಆರು ಜನವೂ ರಾಶಿಯ ಸುತ್ತ ಅಂಚುಗಳ ಮೇಲೆ, ಕಾವು ಕೂತ ಕೋಳಿಗಳ ಹಾಗೆ, ಕುಳಿತುಬಿಟ್ಟೆವು. ಆಲಿಕಲ್ಲು ತಲೆಗೆ ಬೀಳುತ್ತಿತ್ತು. ಒಂದು ಮೂಲೆ ಮಾತ್ರ ಬಿಟ್ಟುಹೋಯಿತು. ಅಲ್ಲಿ ಕೂರಲು ಜನವಿಲ್ಲ. ಅಕ್ಕ ಒಂದು ಕಾಲು ಚಾಚಿ ಅದನ್ನು ಒತ್ತಲು ನೋಡಿದಳು, ಎಟುಕಲಿಲ್ಲ.

ಆಗಲೇ ಅವಳ ಭಾವ ಕೊಡೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಹಿಂದಿನ ದಿನವೇ ಮಳೆಯ ಸೂಚನೆ ಕಂಡು ಹಬ್ಬಕ್ಕೆ ಎರಡು ದಿನ ಮೊದಲೇ ಹೊರಟು ಬಂದಿದ್ದರಂತೆ. ಅವರ ಗಾಡಿ ಕೆಳಗಿನ ದಾರಿಯಲ್ಲಿ ನಿಂತಿತ್ತು. ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬಾಗಿಲ ಮರೆಯಿಂದ, ಅದೂ ಇನ್ನೊಬ್ಬರ ಮೂಲಕ ಹೇಳಿಸುವುದು. ಅಕ್ಕ ಹದಿನೆಂಟು ವರ್ಷ ಅವರ ಮುಂದೆ ಬಾಯಿ ತೆರೆದಿರಲಿಲ್ಲ. ಈಗ ನೀರು ಸುರಿಯುವ ಮುಖವೆತ್ತಿ ನೇರವಾಗಿ ಅವರನ್ನೇ ನೋಡಿ ಕೂಗಿದಳು.

"ಭಾವಾ, ಆ ಮೂಲೆ ಹಾರ್ತದೆ! ಬಂದು ಕೂತ್ಕಳಿ!"

ಅವರು ಕೆಂಪು ಅಂಚಿನ ಪಂಚೆ, ಕೋಟು, ರುಮಾಲು ತೊಟ್ಟಿದ್ದರು. ಒಂದು ಕ್ಷಣ ಎತ್ತ ನೋಡಬೇಕೆಂದು ತಿಳಿಯದೆ ನಿಂತರು. ಆಮೇಲೆ ಪಂಚೆ ಎತ್ತಿಕಟ್ಟಿ, ಬಂದು ಚಾಪೆಯ ಮೂಲೆಯ ಮೇಲೆ ಕುಳಿತರು. ಕೊಡೆಯನ್ನು ಮಾತ್ರ ಬಿಡಲಿಲ್ಲ. ಗಾಳಿಗೆ ಅದು ಮಗುಚಿ ಮೇಲಕ್ಕೆ ಅರಳಿಕೊಂಡಿತು. ಮೇಸ್ತ್ರಿಯ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಕಡೆಗೆ ಅವರೇ, "ನಗ್ರಿ, ನಗ್ರಿ" ಎಂದು ಗೊಣಗಿದರು.

ಅರ್ಧ ಗಂಟೆಯಲ್ಲಿ ಮಳೆ ನಿಂತಿತು. ಯಾರೂ ಏಳಲಿಲ್ಲ. ಒಳಗೆ ಏನಾಗಿದೆಯೋ ಎಂಬ ಹೆದರಿಕೆ. ಭಾವ ತಾವು ಕೂತಿದ್ದ ಚಾಪೆಯನ್ನು ಸ್ವಲ್ಪ ಎತ್ತಿ, ಕೈಯನ್ನು ರಾಶಿಯೊಳಕ್ಕೆ ಮೊಣಕೈಯವರೆಗೆ ತೂರಿಸಿ, ಒಂದು ಹಿಡಿ ಕಾಫಿ ತೆಗೆದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನನಗೆ ಕೂತಲ್ಲಿಗೇ ಕೇಳಿಸಿತು.

"ಒಣಗಿದೆ," ಎಂದರು. ಇನ್ನೊಮ್ಮೆ ಅಲ್ಲಾಡಿಸಿ ನೋಡಿದರು. ಆಮೇಲೆ ನಮ್ಮ ನೆನೆದ ಮುಖಗಳನ್ನು ಒಂದು ಸುತ್ತು ನೋಡಿ, "ಇವ್ಳು ಒಬ್ಳೇ ಇದಾಳೆ ಅಂದ್ಕಂಡಿದ್ದೆ," ಎಂದರು. ಅಕ್ಕನ ಕಡೆ ತಿರುಗಿ, ಅವರೂ ಮೊದಲ ಬಾರಿಗೆ ನೇರವಾಗಿ, "ಇಲ್ಲೇ ಇರಮ್ಮ. ಕುಡಿಯಕ್ಕೆ ಬಿಸಿ ಕಾಫಿ ಕೊಡು," ಎಂದರು. ಅಕ್ಕ ಎದ್ದು ಒಳಗೆ ಹೋದಳು. ಒಲೆ ಊದುವ ಸದ್ದಿನ ಜೊತೆಗೆ ಅವಳ ಅಪಸ್ವರದ ಹಾಡು ಕೇಳಿತು. ಅಂದು ಯಾರೂ ನಿಲ್ಲಿಸು ಅನ್ನಲಿಲ್ಲ.

ನಮ್ಮ ಕಣದಲ್ಲಿ ಒಂದು ಪಾಲು ಕಾಫಿ ನೆಂದು ಹಾಳಾಗಿತ್ತು. ಅತ್ತೆಯವರು ಆ ವಿಷಯವನ್ನು ಅಕ್ಕನಿಗೆ ಎಂದೂ ಹೇಳಲಿಲ್ಲ, ನನಗೂ ಹೇಳಲು ಬಿಡಲಿಲ್ಲ. ಹತ್ತು ದಿನಕ್ಕೆ ಎರಡೂ ಗುಡ್ಡಗಳ ಕಾಫಿ ಒಟ್ಟಿಗೆ ಹೂಬಿಟ್ಟು, ಹಳ್ಳದಲ್ಲಿ ಬಟ್ಟೆ ಒಗೆಯುವಾಗಲೂ ಮೂಗು ತುಂಬ ಅದೇ ವಾಸನೆ.

ಅಕ್ಕ ಆ ಎರಡು ಎಕರೆಯಲ್ಲಿ ಇನ್ನೂ ಹನ್ನೆರಡು ವರ್ಷ ಇದ್ದಳು. ಮರುವರ್ಷದ ಕೊಯ್ಲಿನಲ್ಲಿ ಪ್ರತಿ ಸಂತೆಯ ದಿನ ಒಂದೊಂದು ಮನೆಗೆ ಹೋಗಿ, ಬೇಡವೆಂದರೂ ಕೇಳದೆ ದುಡಿದಳು. ನನ್ನ ಇಬ್ಬರು ಮಕ್ಕಳ ಬಾಣಂತನದಲ್ಲಿ ಅವಳ ಕೈ ಇತ್ತು. ಅವು ಅತ್ತರೆ ಅವಳು ಹಾಡುತ್ತಿದ್ದಳು, ಹೆದರಿ ಸುಮ್ಮನಾಗುತ್ತಿದ್ದವು. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಒಂದು ಬೆಳಿಗ್ಗೆ ನನ್ನ ಕೂಗಿಗೆ ಆಚೆಯಿಂದ ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಚಾಪೆಯ ಮೇಲೆ ಮಲಗಿದ ಹಾಗೆಯೇ ಇದ್ದಳು. ಅವಳ ತೋಟದಲ್ಲೇ, ಗಂಡನ ಪಕ್ಕದಲ್ಲೇ ಮಣ್ಣು ಮಾಡಿದೆವು. ನಾನು ಬಹಳ ದಿನ ಹಿತ್ತಿಲ ಬಾಗಿಲು ತೆರೆಯಲಿಲ್ಲ.

ಅದಾಗಿ ಎಂಟು ತಿಂಗಳಿಗೆ ನಮ್ಮವರು ಹೋದರು. ನನಗಾಗ ಮೂವತ್ತೆರಡು ದಾಟಿರಲಿಲ್ಲ. ಕಾರ್ಯ ಮುಗಿದ ದಿನ ಕಡೂರಿನಿಂದ ನಮ್ಮ ಅಣ್ಣ ಗಾಡಿ ತಂದಿದ್ದ. ನನ್ನ ಪೆಟ್ಟಿಗೆಗೆಂದು ಹುಲ್ಲು ಹಾಸಿ ಜಾಗ ಮಾಡಿಕೊಂಡೇ ಬಂದಿದ್ದ. ಜಗಲಿಯಲ್ಲಿ ಹಿರಿಯರು ಕುಳಿತರು. ನಾನು ಒಳಗಿನ ಗೋಡೆಗೆ ಒರಗಿ ಕೇಳುತ್ತಿದ್ದೆ. ಅವರು ತೋಟದ ಮರಗಳ ಕೊಂಬೆ ಕಡಿಸಿ ನೆರಳು ತೆಗೆಸುವ ಮಾತಾಡಿದರು. ಈ ಸಲ ಹಣ್ಣು ಬೇಗ ಎಂದರು. ಮುಯ್ಯಿಯಲ್ಲಿ ನಮ್ಮ ತೋಟಕ್ಕೆ ಮೂರನೆಯ ಸರದಿ ಎಂದು ಗೊತ್ತು ಮಾಡಿ, ಎದ್ದು ಹೊರಟರು.

ಅಣ್ಣ ಒಳಗೆ ಬಂದು ಬೆಪ್ಪಾಗಿ ನನ್ನ ಮುಖ ನೋಡಿದ. "ನೀನು ಎಲ್ಲಿರ್ತೀಯಾ ಅಂತ ಯಾರೂ ಕೇಳ್ಲೇ ಇಲ್ವಲ್ಲೇ?" ಎಂದ.

"ಅದನ್ನ ಕೇಳಿ ಆಗಿದೆ ಅಣ್ಣ," ಎಂದೆ. "ನನಗಿಂತ ಮೊದ್ಲು ಒಬ್ಳನ್ನ ಕೇಳಿದ್ರು."